ಪ್ರಕಾಶಕನ ಮನೆತನ ಮತ್ತು ವಿದ್ವತ್ತಿನ ಮೇರೆ: ಲೈಪ್‌ಜಿಗ್, ಮಂಗಳೂರು, ಹರದನಹಳ್ಳಿ

ಕನ್ನಡ ಜಾನಪದ ಅಧ್ಯಯನದ ಚರಿತ್ರೆಯನ್ನು ಕುರಿತ ಬರಹಗಳಲ್ಲಿ ಸಂಗ್ರಾಹಕರಿಗೆ, ಸಂಪಾದಕರಿಗೆ, ಸಿದ್ಧಾಂತ ನಿರೂಪಕರಿಗೆ ಸಾಕಷ್ಟು ಸ್ಥಾನ ದೊರೆತಿದೆ. ಪ್ರಕಾಶಕನಿಗೆ ದೊರೆತಿರುವುದು ಶೀರ್ಷಿಕೆ ಪುಟದ ಕೆಳಗಿನ ಒಂದು ಸಾಲು ಮಾತ್ರ. ಪುಸ್ತಕವೊಂದು ಯಾರ ಹಣದಿಂದ, ಯಾವ ಓದುಗರನ್ನು ಎದುರಿಗಿಟ್ಟುಕೊಂಡು, ಯಾರ ಆಯ್ಕೆಯಂತೆ ಹೊರಬಂದಿತು ಎಂಬ ಪ್ರಶ್ನೆಯನ್ನು ಗ್ರಂಥಸೂಚಿಕಾರರಿಗೆ ಬಿಟ್ಟುಕೊಟ್ಟು, ಪಠ್ಯದ ಒಳಗಿರುವುದನ್ನಷ್ಟೇ ಚರ್ಚಿಸುವುದು ವಾಡಿಕೆಯಾಗಿದೆ. ಇದರಿಂದ ಆಗಿರುವ ನಷ್ಟ ಸಣ್ಣದಲ್ಲ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ಮಿಷನರಿಗಳ ಕನ್ನಡ ಕೆಲಸವನ್ನು ಕುರಿತ ಚರ್ಚೆ ಎರಡು ತುದಿಗಳ ನಡುವೆ ತೂಗಾಡುತ್ತ ಬಂದಿರುವುದಕ್ಕೆ ಇದೂ ಒಂದು ಕಾರಣ. ಒಂದು ಪಕ್ಷ ಅವರನ್ನು ಕನ್ನಡ ಜಾನಪದದ ಆದ್ಯ ಪ್ರವರ್ತಕರೆಂದು ಕೊಂಡಾಡುತ್ತದೆ. ಇನ್ನೊಂದು ಪಕ್ಷ ಅವರ ಸಮಸ್ತ ಪರಿಶ್ರಮವನ್ನೂ ಮತಪ್ರಸಾರದ ಉಪಕರಣವೆಂದು ತಳ್ಳಿಹಾಕುತ್ತದೆ. ಎರಡೂ ಪಕ್ಷಗಳು ನೋಡುವುದು ಉದ್ದೇಶವನ್ನು. ಪ್ರಕಟಣೆಯ ವ್ಯವಸ್ಥೆಯನ್ನು ಎರಡೂ ನೋಡುವುದಿಲ್ಲ.

ವಿದ್ವತ್ ಲೋಕದಲ್ಲಿ ಯಾವುದು ‘ಪಠ್ಯ’ ಎನಿಸಿಕೊಳ್ಳಬೇಕು ಎಂಬುದನ್ನು ವಿದ್ವಾಂಸನಷ್ಟೇ ಪ್ರಕಾಶಕನ ಮನೆಯೂ ತೀರ್ಮಾನಿಸುತ್ತದೆ ಎಂಬುದು ಪ್ರಸ್ತುತ ಲೇಖನದ ವಾದ. ಇದನ್ನು ಪರೀಕ್ಷಿಸಲು ಲೈಪ್‌ಜಿಗ್ ನಗರದ ಬ್ರಾಕ್‌ಹೌಸ್ ಮನೆತನದ ಪ್ರಕಾಶನ ಸಂಸ್ಥೆಯನ್ನೂ, ಅದರ ಸಮಕಾಲೀನವಾದ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯವನ್ನೂ ಜೊತೆಯಲ್ಲಿಟ್ಟು ನೋಡಲಾಗಿದೆ. ಒರೆಗಲ್ಲಾಗಿ ಇಟ್ಟುಕೊಂಡಿರುವುದು ಚಾಮರಾಜನಗರದ ಸಮೀಪದ ಹರದನಹಳ್ಳಿಯನ್ನು. ಬರಹದ ಪರಂಪರೆ, ಹಾಡಿನ ಪರಂಪರೆ ಎರಡನ್ನೂ ಬಲ್ಲ ಸೀಮೆ ಅದು.

ಜರ್ಮನ್ ಭಾಷೆಯಲ್ಲಿ ಪ್ರಕಾಶಕನನ್ನು ‘ಫೆರ್‌ಲೇಗರ್’ ಎನ್ನುತ್ತಾರೆ. ಮುಂಗಡವಾಗಿ ಹಣ ಹಾಕುವವನು ಎಂಬುದು ಆ ಶಬ್ದದ ಮೂಲಾರ್ಥ. ಕನ್ನಡದ ‘ಪ್ರಕಾಶಕ’ ಬೆಳಕಿಗೆ ತರುವವನು. ಎರಡು ಶಬ್ದಗಳ ನಡುವಿನ ಅಂತರ ಕುತೂಹಲಕರವಾದುದು: ಒಂದು ಕೈಯಿಂದ ಹೋಗುವ ಹಣವನ್ನು ಹೆಸರಿಸುತ್ತದೆ, ಮತ್ತೊಂದು ದೊರೆಯುವ ಫಲವನ್ನು. ಕನ್ನಡದಲ್ಲಿ ಬೆಳಕಿನ ಮಾತು ಆಡಿದಷ್ಟು ಎಣ್ಣೆಯ ಮಾತು ಆಡಿಲ್ಲ.

ಫ್ರೀಡ್ರಿಕ್ ಆರ್ನೋಲ್ಡ್ ಬ್ರಾಕ್‌ಹೌಸ್ ಹುಟ್ಟಿದ್ದು 1772ರ ಮೇ 4ರಂದು, ಡಾರ್ಟ್‌ಮುಂಡ್ ಪಟ್ಟಣದಲ್ಲಿ. ಅವರು ಮೊದಲು ಬಟ್ಟೆ ವ್ಯಾಪಾರಿ. ಆಮ್‌ಸ್ಟರ್‌ಡ್ಯಾಮಿಗೆ ಹೋಗಿ 1805ರಲ್ಲಿ ಪುಸ್ತಕದ ಅಂಗಡಿ ತೆರೆದರು. 1808ರ ಲೈಪ್‌ಜಿಗ್ ಪುಸ್ತಕ ಜಾತ್ರೆಯಲ್ಲಿ, ಬೇರೆಯವರು ಆರಂಭಿಸಿ ಪೂರ್ಣಗೊಳಿಸಲಾಗದೆ ಕೈಬಿಟ್ಟಿದ್ದ ‘ಸಂಭಾಷಣಾ ಕೋಶ’ವೊಂದರ ಹಕ್ಕನ್ನು 1800 ಟಾಲರ್ ನಾಣ್ಯಗಳಿಗೆ ಕೊಂಡರು. ವಿದ್ಯಾವಂತ ಗೃಹಸ್ಥರು ನಾಲ್ಕು ಜನರ ನಡುವೆ ಕುಳಿತು ಮಾತನಾಡಲು ಬೇಕಾದಷ್ಟು ತಿಳಿವಳಿಕೆಯನ್ನು ಅಕಾರಾದಿಯಲ್ಲಿ ಒದಗಿಸುವ ಗ್ರಂಥ ಅದು. ಬ್ರಾಕ್‌ಹೌಸ್ ಅದನ್ನು ಪೂರ್ಣಗೊಳಿಸಿದರು, ಪರಿಷ್ಕರಿಸಿದರು, ಆಯಾ ವಿಷಯದ ಬಲ್ಲವರಿಂದ ಲೇಖನ ಬರೆಸುವ ಪದ್ಧತಿಯನ್ನು ರೂಢಿಸಿದರು. ಕಾಲಕ್ರಮದಲ್ಲಿ ಜರ್ಮನ್ನರಿಗೆ ವಿಶ್ವಕೋಶವೆಂದರೆ ಬ್ರಾಕ್‌ಹೌಸ್ ಎಂಬಷ್ಟು ಆ ಹೆಸರು ಬೆಳೆಯಿತು. ಸಂಸ್ಥೆ 1811ರಲ್ಲಿ ಆಲ್ಟೆನ್‌ಬುರ್ಗ್‌ಗೂ, ಆ ದಶಕದ ಕೊನೆಯ ವೇಳೆಗೆ ಲೈಪ್‌ಜಿಗ್‌ಗೂ ಬಂದು ನೆಲೆಸಿತು. ಪ್ರಷ್ಯಾ ಸರ್ಕಾರ ಅವರ ಪ್ರಕಟಣೆಗಳ ಮೇಲೆ ವಿಶೇಷ ತನಿಖೆಯನ್ನು ಹೇರಿತ್ತು. ಅದರೊಡನೆ ಸೆಣಸುತ್ತಲೇ 1823ರಲ್ಲಿ, ಐವತ್ತೊಂದರ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಈ ಜೀವನಕಥೆಯ ಮುಖ್ಯ ಆಕರ, ಮೊಮ್ಮಗ ಎಡುವರ್ಡ್ ಬ್ರಾಕ್‌ಹೌಸ್ 1872ರಿಂದ 1881ರ ಅವಧಿಯಲ್ಲಿ ಮೂರು ಸಂಪುಟಗಳಲ್ಲಿ ಹೊರತಂದ ಚರಿತ್ರೆ. ಅಜ್ಜನ ಪತ್ರಗಳನ್ನು ಮುಂದಿಟ್ಟುಕೊಂಡು ಮೊಮ್ಮಗ ಬರೆದು, ಮನೆಯ ಮುದ್ರೆಯಲ್ಲೇ ಪ್ರಕಟವಾದ ಗ್ರಂಥ. ಜಾನಪದ ವಿದ್ಯಾರ್ಥಿಗೆ ಇದು ಅಪರಿಚಿತ ಪ್ರಕಾರವೇನಲ್ಲ. ಮೂಲಪುರುಷ ಊರು ಬಿಟ್ಟು ಬರುವುದು, ಕಷ್ಟದಲ್ಲಿ ನಿಧಿಯೊಂದು ಕೈಸೇರುವುದು, ಅರಸರ ವಿರೋಧ, ಸಂತಾನದಿಂದ ಮನೆ ಬೆಳೆಯುವುದು ಇವೆಲ್ಲ ವಂಶಾವಳಿ ಕಥನಗಳ ಆಶಯಗಳೇ. ಪತ್ರಗಳ ಆಧಾರವಿರುವುದರಿಂದ ಸಂಗತಿಗಳು ನಂಬಲರ್ಹವಾಗಿದ್ದರೂ, ಜೋಡಣೆ ಮನೆತನದ್ದು ಎಂಬ ಎಚ್ಚರ ಅಗತ್ಯ. ಮೊಳೆ ಜೋಡಿಸಿದವರು, ಕರಡು ತಿದ್ದಿದವರು ವಂಶಾವಳಿಯಲ್ಲಿ ಬರುವುದಿಲ್ಲ.

ಮಕ್ಕಳಲ್ಲಿ ಫ್ರೀಡ್ರಿಕ್ ಮುದ್ರಣದ ಹೊಣೆಯನ್ನೂ ಹೈನ್‌ರಿಕ್ ಪ್ರಕಟಣೆಯ ಹೊಣೆಯನ್ನೂ ವಹಿಸಿಕೊಂಡರು. ಮೂರನೆಯ ಮಗ ಹರ್ಮನ್ ಬ್ರಾಕ್‌ಹೌಸ್ ವ್ಯಾಪಾರಕ್ಕೆ ಒಗ್ಗದೆ ಸಂಸ್ಕೃತದ ಕಡೆ ತಿರುಗಿ ಲೈಪ್‌ಜಿಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಫ್ರೀಡ್ರಿಕ್ ಮತ್ತು ಹರ್ಮನ್ ಇಬ್ಬರೂ ಸಂಗೀತಗಾರ ರಿಚರ್ಡ್ ವಾಗ್ನರನ ಸೋದರಿಯರನ್ನು ಮದುವೆಯಾಗಿದ್ದರು. ತರುಣ ನೀತ್ಸೆ 1868ರಲ್ಲಿ ವಾಗ್ನರನನ್ನು ಮೊದಲು ಕಂಡದ್ದು ಹರ್ಮನ್ನರ ಮನೆಯಲ್ಲಿ. ಇದು ಪ್ರಾಸಂಗಿಕವಾದ ಮಾತು. ಪ್ರಸ್ತುತಕ್ಕೆ ಬೇಕಾದುದು ಬೇರೆ: ವಿಶ್ವಕೋಶದ ಆದಾಯವಿದ್ದ ಮನೆ ನಿಧಾನವಾಗಿ ಮಾರಾಟವಾಗುವ, ಮಾರಾಟವೇ ಆಗದಿರಬಹುದಾದ ಗ್ರಂಥಗಳಿಗೂ ಕೈಹಾಕಬಲ್ಲುದಾಗಿತ್ತು. ಶೋಪೆನ್‌ಹೋವರನ ಮುಖ್ಯ ಕೃತಿಯನ್ನು ಮೊದಲು ಅಚ್ಚುಮಾಡಿದ್ದು ಈ ಸಂಸ್ಥೆಯೇ. 1819ರ ವರ್ಷವನ್ನು ಹೊತ್ತು ಬಂದ ಆ ಆವೃತ್ತಿ ಮಾರಾಟವಾಗದೆ ಬಹುಪಾಲು ರದ್ದಿಗೆ ಹೋಯಿತು. ಆದರೂ 1844ರಲ್ಲಿ ಎರಡನೆಯ ಆವೃತ್ತಿ, 1859ರಲ್ಲಿ ಮೂರನೆಯದು ಅದೇ ಮನೆಯಿಂದ ಹೊರಬಂದವು. ನಷ್ಟವನ್ನು ನಲವತ್ತು ವರ್ಷ ಕಾಯುವುದು ತಲೆಮಾರುಗಳನ್ನು ಎಣಿಸುವ ಮನೆತನಕ್ಕೆ ಸಾಧ್ಯ. ವರ್ಷಾವಧಿ ಅನುದಾನವನ್ನು ಎಣಿಸುವ ಸಂಸ್ಥೆಗೆ ಕಷ್ಟ.

ಮನೆಯ ಒಬ್ಬ ಮಗ ಸಂಸ್ಕೃತ ವಿದ್ವಾಂಸನಾದುದರ ಪರಿಣಾಮ ಜಾನಪದ ಅಧ್ಯಯನದ ಮೇಲೆ ನೇರವಾಗಿ ಆಗಿದೆ. ಹರ್ಮನ್ ಬ್ರಾಕ್‌ಹೌಸ್ ಸೋಮದೇವನ ಕಥಾಸರಿತ್ಸಾಗರದ ಮೊದಲ ಭಾಗವನ್ನು 1839ರಲ್ಲಿ ಸಂಪಾದಿಸಿ ಪ್ರಕಟಿಸಿದರು; ಉಳಿದ ಭಾಗಗಳು 1862 ಮತ್ತು 1866ರಲ್ಲಿ ಬಂದವು. ಅವರ ಬಳಿ ಸಂಸ್ಕೃತ ಕಲಿತ ಮ್ಯಾಕ್ಸ್ ಮುಲ್ಲರರ ಮೊದಲ ಪುಸ್ತಕ, ಹಿತೋಪದೇಶದ ಜರ್ಮನ್ ಅನುವಾದ, 1844ರಲ್ಲಿ ಇದೇ ಸಂಸ್ಥೆಯ ಮೂಲಕ ಪ್ರಕಟವಾಯಿತು. 1859ರಲ್ಲಿ ಥಿಯೋಡರ್ ಬೆನ್‌ಫೆ ಅವರ ಪಂಚತಂತ್ರದ ಎರಡು ಸಂಪುಟಗಳು ಬಂದುದೂ ಇಲ್ಲಿಂದಲೇ. ಯುರೋಪಿನ ಬಹುಪಾಲು ಜನಪದ ಕಥೆಗಳು ಭಾರತದಿಂದ ವಲಸೆ ಹೋದವು ಎಂಬ ಬೆನ್‌ಫೆ ಸಿದ್ಧಾಂತವನ್ನು ಕನ್ನಡದ ಜಾನಪದ ಪಠ್ಯಪುಸ್ತಕಗಳೆಲ್ಲ ಉಲ್ಲೇಖಿಸುತ್ತವೆ. ಆ ಸಿದ್ಧಾಂತ ಒಂದು ಪ್ರಕಾಶನ ಮನೆಯ ಕಪಾಟಿನಲ್ಲಿ ಸಾಲಾಗಿ ಕುಳಿತ ಪುಸ್ತಕಗಳಿಂದ ಬಲ ಪಡೆಯಿತು ಎಂಬುದನ್ನು ಅವು ಗಮನಿಸಿದಂತಿಲ್ಲ.

ಈ ಸಾಲಿನಲ್ಲಿ ಕನ್ನಡ ಎಲ್ಲಿದೆ? ದಕ್ಷಿಣ ಭಾರತದ ಪಂಚತಂತ್ರಕ್ಕೆ ಬೆನ್‌ಫೆ ಅವರಿಗೆ ದೊರೆತ ಮುಖ್ಯ ಆಧಾರ ಮೈಸೂರು ಸೀಮೆಯಲ್ಲಿ ಬಹುಕಾಲ ದುಡಿದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಅವರು 1826ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟಿಸಿದ ಪುಸ್ತಕ. ತಮಿಳು, ತೆಲುಗು, ಕನ್ನಡ ಮೂರು ಪ್ರತಿಗಳಿಂದ ಕಥೆಗಳನ್ನು ಆರಿಸಿಕೊಂಡುದಾಗಿ ದುಬಾಯ್ ಹೇಳಿಕೊಂಡಿದ್ದಾರೆ. ಅಂದರೆ ವಿಶ್ವದ ಕಥಾಶಾಸ್ತ್ರದ ಮೊದಲ ದೊಡ್ಡ ಸೌಧಕ್ಕೆ ಕನ್ನಡ ಪ್ರವೇಶಿಸಿದ್ದು ಹೀಗೆ: ಮೂರು ಭಾಷೆಗಳ ಕಲಬೆರಕೆಯಲ್ಲಿ, ಫ್ರೆಂಚಿನ ಮೂಲಕ, ಜರ್ಮನ್ ಅಡಿಟಿಪ್ಪಣಿಗೆ. ಅದೇ ಹೊತ್ತಿಗೆ ದುರ್ಗಸಿಂಹನ ಕರ್ಣಾಟಕ ಪಂಚತಂತ್ರ ಓಲೆಗರಿಗಳಲ್ಲಿ ಮಲಗಿತ್ತು. ತಾನು ಅನುಸರಿಸುತ್ತಿರುವುದು ವಸುಭಾಗಭಟ್ಟನನ್ನು, ಅವನಿಗೆ ಮೂಲ ಗುಣಾಢ್ಯನ ಬೃಹತ್ಕಥೆ ಎಂದು ಸ್ಪಷ್ಟವಾಗಿ ಹೇಳುವ ಕವಿ ದುರ್ಗಸಿಂಹ. ಬೃಹತ್ಕಥೆಯ ಸಂತಾನವೇ ಆದ ಕಥಾಸರಿತ್ಸಾಗರವನ್ನು ಸಂಪಾದಿಸುತ್ತಿದ್ದವರಿಗೆ, ವಿಷ್ಣುಶರ್ಮನ ಹೆಸರಿಲ್ಲದ ಇನ್ನೊಂದು ಪಂಚತಂತ್ರ ಪರಂಪರೆ ದಕ್ಷಿಣದಲ್ಲಿದೆ ಎಂಬ ಸಾಕ್ಷ್ಯಕ್ಕಿಂತ ಹೆಚ್ಚು ಬೆಲೆಯುಳ್ಳದ್ದು ಬೇರೊಂದಿರಲಾರದು. 1859ರಲ್ಲಿ ಅದು ಅಚ್ಚಾಗಿರಲಿಲ್ಲ. ಅಚ್ಚಾಗದುದು ವಿದ್ವತ್ತಿನ ಕಣ್ಣಿಗೆ ಇಲ್ಲದುದೇ ಆಯಿತು.

ಕನ್ನಡವು ಲೈಪ್‌ಜಿಗ್ ತಲುಪಿದ ಇನ್ನೊಂದು ದಾರಿಯೂ ಇತ್ತು. ಜರ್ಮನ್ ಪ್ರಾಚ್ಯ ಸಂಸ್ಥೆ 1845ರಲ್ಲಿ ಸ್ಥಾಪನೆಯಾಯಿತು. ಅದರ ಪತ್ರಿಕೆ 1847ರಲ್ಲಿ ಆರಂಭವಾಯಿತು. ಹರ್ಮನ್ ಬ್ರಾಕ್‌ಹೌಸ್ ಸ್ಥಾಪಕರಲ್ಲೊಬ್ಬರು, 1852ರಿಂದ 1865ರವರೆಗೆ ಪತ್ರಿಕೆಯ ಸಂಪಾದಕರು. ಅಣ್ಣಂದಿರ ಸಂಸ್ಥೆ ಪತ್ರಿಕೆಯನ್ನು ‘ಕಮಿಷನ್’ ಪದ್ಧತಿಯಲ್ಲಿ ಹೊರತರುತ್ತಿತ್ತು: ಖರ್ಚು ಪ್ರಾಚ್ಯ ಸಂಸ್ಥೆಯದು, ಮಾರಾಟ ಮತ್ತು ವಿತರಣೆ ಬ್ರಾಕ್‌ಹೌಸ್ ಅವರದು. 1848ರ ಎರಡನೆಯ ಸಂಪುಟದಲ್ಲೇ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ಅವರು ಕನ್ನಡ ಭಾಷೆ ಮತ್ತು ಸಾಹಿತ್ಯವನ್ನು ಕುರಿತು ಬರೆದ ದೀರ್ಘ ಲೇಖನವಿದೆ. 1860ರ ಹದಿನಾಲ್ಕನೆಯ ಸಂಪುಟದಲ್ಲಿ ಹರ್ಮನ್ ಮೋಗ್ಲಿಂಗ್ ಅವರು ದಾಸರ ಪದಗಳ ಜರ್ಮನ್ ಅನುವಾದವನ್ನು ‘ಕನ್ನಡ ಹಾಡುಗಾರರ ಗೀತೆಗಳು’ ಎಂಬ ಅರ್ಥದ ಶೀರ್ಷಿಕೆಯಲ್ಲಿ ಪ್ರಕಟಿಸಿದರು. ಶೀರ್ಷಿಕೆಯಲ್ಲಿ ಕವಿ ಎಂಬ ಮಾತಿಲ್ಲ, ಹಾಡುಗಾರ ಎಂಬ ಮಾತಿದೆ. ಆದರೆ ಆ ಹಾಡುಗಾರರು ಪುರಂದರ, ಕನಕ ಮೊದಲಾದ ಅಂಕಿತವುಳ್ಳ ರಚನಕಾರರೇ ಹೊರತು, ಕರಾವಳಿಯ ಮನೆಯಂಗಳಗಳಲ್ಲಿ ಆ ಪದಗಳನ್ನು ಹಾಡುತ್ತಿದ್ದ ಗಂಡಸರು ಹೆಂಗಸರು ಅಲ್ಲ. ಈ ಸಣ್ಣ ವ್ಯತ್ಯಾಸದಲ್ಲಿ ಮುಂದಿನ ಒಂದು ಶತಮಾನದ ಕಥೆ ಅಡಗಿದೆ.

ಮೋಗ್ಲಿಂಗ್ 1811ರಲ್ಲಿ ವ್ಯುರ್ಟೆಂಬೆರ್ಗ್ ಪ್ರಾಂತದಲ್ಲಿ ಹುಟ್ಟಿ, ಟ್ಯೂಬಿಂಗೆನ್ನಿನಲ್ಲಿ ದೇವತಾಶಾಸ್ತ್ರ ಓದಿ, 1836ರಲ್ಲಿ ಮಂಗಳೂರಿಗೆ ಬಂದವರು. ವೈಗ್ಲೆ ಅವರ ಬಂಧು. ಬಾಸೆಲ್ ಮಿಷನ್ನಿನ ಚರಿತ್ರೆಯಲ್ಲಿ ಇಂಥ ನೆಂಟಸ್ತಿಕೆಗಳು ಹೆಜ್ಜೆ ಹೆಜ್ಜೆಗೂ ಸಿಗುತ್ತವೆ. ಮಲಯಾಳ ನಿಘಂಟಿನ ಗುಂಡರ್ಟ್ ಊರಿಗೆ ಮರಳಿ ಕಾಲ್ವ್ ಪಟ್ಟಣದ ಧಾರ್ಮಿಕ ಪ್ರಕಾಶನ ಸಂಸ್ಥೆಯನ್ನು ನಡೆಸಿದರು. ಅವರ ನಂತರ ಅದನ್ನು ವಹಿಸಿಕೊಂಡವರು ಅಳಿಯ ಯೊಹಾನೆಸ್ ಹೆಸ್ಸೆ, ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಂದೆ. ಮಂಗಳೂರಿನ ಮುದ್ರಣಾಲಯ ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ ಎಂಬುದು ನಿಜ; ಆದರೂ ಅದನ್ನು ನಡೆಸಿದವರ ನಡುವೆ ಒಂದು ಸೀಮೆಯ, ಒಂದು ವಿದ್ಯಾಪೀಠದ, ಹಲವು ಸಲ ಒಂದೇ ಬಳಗದ ಕೊಳುಕೊಡೆಯಿತ್ತು. ಆದುದರಿಂದ ಅದನ್ನು ಸರ್ಕಾರಿ ಕಚೇರಿಗಿಂತ ಮನೆತನಕ್ಕೆ ಹೋಲಿಸುವುದೇ ಹೆಚ್ಚು ಯುಕ್ತ.

1841ರಲ್ಲಿ ಕಲ್ಲಚ್ಚಿನ ಯಂತ್ರದೊಂದಿಗೆ ಆ ಮುದ್ರಣಾಲಯ ಆರಂಭವಾಯಿತು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಬಂದಿತು. ಮುಂದಿನ ವರ್ಷ ಮೊಳೆಯಚ್ಚಿನ ಅನುಕೂಲಕ್ಕಾಗಿ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಈ ಸಂಗತಿಗಳು ಸುಪರಿಚಿತ. ವಿದ್ವತ್ ಪ್ರಕಟಣೆಯ ದೃಷ್ಟಿಯಿಂದ ಮುಖ್ಯವಾದುದು 1848ರಿಂದ 1853ರವರೆಗೆ ಮೋಗ್ಲಿಂಗ್ ಸಂಪಾದಕತ್ವದಲ್ಲಿ ಕಲ್ಲಚ್ಚಿನಲ್ಲಿ ಬಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆ. ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು ಈ ಮಾಲೆಯಲ್ಲಿ ಬೆಳಕು ಕಂಡವು. ಇದಕ್ಕಾಗಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1858ರಲ್ಲಿ ಮೋಗ್ಲಿಂಗರಿಗೆ ಗೌರವ ಡಾಕ್ಟರೇಟ್ ನೀಡಿತು.

ಮಾಲೆಗೆ ಹಣ ಕೊಟ್ಟವರು ಯಾರು? ಬಾಸೆಲ್ ಅಲ್ಲ. ಮದರಾಸು ಸೇವೆಯಿಂದ ನಿವೃತ್ತರಾಗಿ ನೀಲಗಿರಿಯ ಕೇತಿಯಲ್ಲಿ ನೆಲೆಸಿದ್ದ ಕಾಸಾಮೇಜರ್ ಎಂಬ ಇಂಗ್ಲಿಷ್ ಅಧಿಕಾರಿ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿ ಘಟ್ಟ ಹತ್ತಿದರೆ ಸಿಗುವ ನಾಡು ಅದು. ಅಲ್ಲಿನ ಬಡಗರ ನುಡಿ ಕನ್ನಡದ ಒಡಹುಟ್ಟು. ತಮ್ಮ ಹಿರಿಯರು ಮೈಸೂರಿನ ಬಯಲುಸೀಮೆಯಿಂದ ಬೆಟ್ಟ ಹತ್ತಿ ಬಂದವರೆಂಬುದು ಅವರ ಮೌಖಿಕ ಪರಂಪರೆ. ಬಡಗರ ನಡುವೆ ಬಾಳಿದ ಮನುಷ್ಯನೊಬ್ಬನ ಹಣದಿಂದ ಕನ್ನಡದ ಮೊದಲ ವಿದ್ವತ್ ಮಾಲೆ ಅಚ್ಚಾಯಿತು, ಆದರೆ ಬಡಗರ ಒಂದು ಹಾಡೂ ಆ ಮಾಲೆಗೆ ಸೇರಲಿಲ್ಲ. ಇದಕ್ಕೆ ಕಾಸಾಮೇಜರರನ್ನಾಗಲಿ ಮೋಗ್ಲಿಂಗರನ್ನಾಗಲಿ ದೂಷಿಸುವುದು ಸುಲಭ, ನಿಷ್ಪ್ರಯೋಜಕ. ಹೊಸದಾಗಿ ಬಂದ ಪಾದ್ರಿಗಳಿಗೆ ಭಾಷೆ ಕಲಿಸಲು, ಲೈಪ್‌ಜಿಗ್ ಮತ್ತು ಟ್ಯೂಬಿಂಗೆನ್ನಿನ ಪಂಡಿತರಿಗೆ ಕನ್ನಡಕ್ಕೂ ಸಾಹಿತ್ಯವಿದೆಯೆಂದು ತೋರಿಸಲು ಬೇಕಾಗಿದ್ದುದು ಹೆಸರುಳ್ಳ ಕವಿ, ಹಸ್ತಪ್ರತಿ, ಸಂಧಿ ಪದ್ಯಗಳ ಎಣಿಕೆ. ಹಾಡಿಗೆ ಇವು ಯಾವುವೂ ಇರಲಿಲ್ಲ.

ಗಾದೆಗಳ ವಿಷಯದಲ್ಲೂ ಹೀಗೆಯೇ. ಮೋಗ್ಲಿಂಗರ ಗಾದೆ ಸಂಗ್ರಹವನ್ನು ಕನ್ನಡ ಜಾನಪದದ ಮೊದಲ ಸಂಕಲನವೆಂದು ಹಲವರು ಗುರುತಿಸಿದ್ದಾರೆ. ಕಾಲದ ದೃಷ್ಟಿಯಿಂದ ಆ ಮಾತು ನಿಲ್ಲಬಹುದು. ಆದರೆ ಅಲ್ಲಿ ಗಾದೆ ಬಂದಿರುವುದು ಭಾಷೆಯ ಮಾದರಿಯಾಗಿ. ಆಡಿದವರು, ಆಡಿದ ಸಂದರ್ಭ ಪ್ರಕಾಶಕನಿಗೆ ಅನಗತ್ಯ. ಫರ್ಡಿನೆಂಡ್ ಕಿಟೆಲ್ಲರ 1894ರ ನಿಘಂಟಿನಲ್ಲಿ ಈ ಕ್ರಮ ತನ್ನ ಶಿಖರ ಮುಟ್ಟಿತು: ಸುಮಾರು 70,000 ಶಬ್ದಗಳ ಆ ಮಹಾಕೃತಿಯಲ್ಲಿ ಪಂಪನಂಥ ಕವಿಯ ಪಕ್ಕದಲ್ಲೇ ಗಾದೆಯೂ ಪ್ರಮಾಣವಾಗಿ ನಿಲ್ಲುತ್ತದೆ. ಜನರ ನುಡಿಗೆ ಇದಕ್ಕಿಂತ ದೊಡ್ಡ ಗೌರವವನ್ನು ಆ ಕಾಲದ ಬೇರಾವ ಕನ್ನಡ ಗ್ರಂಥವೂ ಸಲ್ಲಿಸಿಲ್ಲ. ಆದರೂ ಅದು ಶಬ್ದಕ್ಕೆ ಸಾಕ್ಷಿ, ಸ್ವತಂತ್ರ ಪಠ್ಯವಲ್ಲ. ನಿಜವಾದ ಅಪವಾದವೆಂದರೆ 1886ರಲ್ಲಿ ಅದೇ ಮುದ್ರಣಾಲಯದಿಂದ ಬಂದ ಮ್ಯಾನರರ ತುಳು ಪಾಡ್ದನಗಳ ಸಂಕಲನ. ಹಸ್ತಪ್ರತಿಯ ಆಸರೆಯಿಲ್ಲದ, ಭೂತಾರಾಧನೆಯ ನಡುವೆ ಬದುಕಿದ್ದ ದೀರ್ಘ ಕಥನಗೀತಗಳು ಅದರಲ್ಲಿ ತುಳುವಿನಲ್ಲೇ ಅಚ್ಚಾದವು. ಬರ್ನೆಲ್ಲರ ಕಾಗದಪತ್ರಗಳ ಆಧಾರದಿಂದ 1894ರ ನಂತರ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಇವುಗಳ ಇಂಗ್ಲಿಷ್ ರೂಪ ಕಾಣಿಸಿಕೊಂಡದ್ದರಿಂದ ತುಳು ಮೌಖಿಕ ಕಾವ್ಯ ಅಂತಾರಾಷ್ಟ್ರೀಯ ವಿದ್ವತ್ತಿನ ಕಣ್ಣಿಗೆ ಬಿದ್ದಿತು. ತುಳುವಿಗೆ ಅಭಿಜಾತ ಕಾವ್ಯಗಳ ಮುದ್ರಣ ಪರಂಪರೆ ಆಗ ಇರಲಿಲ್ಲವಾದ್ದರಿಂದ ಪಾಡ್ದನಕ್ಕೆ ಜಾಗ ದೊರೆಯಿತು. ಕನ್ನಡಕ್ಕೆ ಪಂಪನೂ ಲಕ್ಷ್ಮೀಶನೂ ಇದ್ದುದರಿಂದ ಮಂಟೇಸ್ವಾಮಿ ಹೊರಗುಳಿದ. ಈ ವಿಪರ್ಯಾಸವನ್ನು ಮಿಷನರಿಗಳ ಪ್ರಶಂಸಕರೂ ಟೀಕಾಕಾರರೂ ಎದುರಿಸಿಲ್ಲ.

ಟೀಕಾಕಾರರ ವಾದಕ್ಕೆ ಒಂದು ಪ್ರಸಿದ್ಧ ಆಧಾರವಿದೆ. ಫ.ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ದ ಹಸ್ತಪ್ರತಿಯನ್ನು ಮಂಗಳೂರಿನ ಮುದ್ರಣಾಲಯಕ್ಕೆ ಕಳುಹಿಸಿದಾಗ ಅದು ಅಚ್ಚಾಗದೆ ಹಿಂದಿರುಗಿತೆಂದು ಅವರ ಜೀವನಚರಿತ್ರೆಕಾರರು ಹೇಳುತ್ತಾರೆ. ವಚನಗಳು ಬೆಳಕಿಗೆ ಬಂದರೆ ಮತಾಂತರಕ್ಕೆ ಅಡ್ಡಿಯಾದೀತೆಂಬ ಅಂಜಿಕೆಯೇ ಕಾರಣವೆಂದು ವ್ಯಾಖ್ಯಾನಿಸಲಾಗಿದೆ. ಗ್ರಂಥದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಆದರೆ ಬಸವಪುರಾಣವನ್ನೂ ಚೆನ್ನಬಸವಪುರಾಣವನ್ನೂ ಎಪ್ಪತ್ತು ವರ್ಷ ಹಿಂದೆ ತಾನಾಗಿ ಕಲ್ಲಚ್ಚಿಗೆ ಇಳಿಸಿದ್ದು ಇದೇ ಮುದ್ರಣಾಲಯ. ಆಗ ಪೋಷಕನಿದ್ದ, ಸಂಪಾದಕನಿದ್ದ. ಮೊದಲ ಮಹಾಯುದ್ಧದಲ್ಲಿ ಜರ್ಮನ್ನರು ದೇಶ ಬಿಡಬೇಕಾಗಿ ಬಂದಮೇಲೆ ಆ ವಿದ್ವತ್ ಬಳಗವೇ ಚದುರಿಹೋಗಿತ್ತು. ಮತೀಯ ಅಂಜಿಕೆಯನ್ನು ಸಂಪೂರ್ಣವಾಗಿ ಅಲ್ಲಗಳೆಯಬೇಕಿಲ್ಲ. ಅದೊಂದೇ ವಿವರಣೆ ಸಾಲದು. ಹಳಕಟ್ಟಿಯವರು ಕಡೆಗೆ ಸ್ವಂತ ಮನೆಯನ್ನು ಮಾರಿ 1925ರಲ್ಲಿ ವಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯ ಹಾಕಿದರು. ಬ್ರಾಕ್‌ಹೌಸ್ ಅವರದು ಪುಸ್ತಕದಿಂದ ಎದ್ದ ಮನೆ. ಹಳಕಟ್ಟಿಯವರದು ಪುಸ್ತಕಕ್ಕಾಗಿ ಹೋದ ಮನೆ.

ಈಗ ಹರದನಹಳ್ಳಿಗೆ ಬರಬಹುದು. ದಿವ್ಯಲಿಂಗೇಶ್ವರ ದೇವಾಲಯವಿರುವ ಈ ಊರು ಗೋಸಲ ಚನ್ನಬಸವೇಶ್ವರರ ನೆಲೆ, ತೋಂಟದ ಸಿದ್ಧಲಿಂಗಯತಿಗಳ ಜನ್ಮಸ್ಥಳ. 701 ವಚನಗಳ ‘ಷಟ್‌ಸ್ಥಲ ಜ್ಞಾನಸಾರಾಮೃತ’ವನ್ನು ರಚಿಸಿದ ಸಿದ್ಧಲಿಂಗರ ಶಿಷ್ಯ ಪರಂಪರೆ ವಚನಗಳನ್ನು ಹುಡುಕಿ, ವಿಂಗಡಿಸಿ, ಸ್ಥಲಕಟ್ಟಿನಲ್ಲಿ ಜೋಡಿಸಿ, ಟೀಕೆ ಬರೆದು, ಪ್ರತಿ ಮಾಡಿಸಿತು. ಶೂನ್ಯಸಂಪಾದನೆಯ ನಾಲ್ಕು ಪಾಠಗಳಲ್ಲಿ ಗುಮ್ಮಳಾಪುರದ ಸಿದ್ಧಲಿಂಗರದೂ ಗೂಳೂರು ಸಿದ್ಧವೀರಣ್ಣೊಡೆಯರದೂ ಈ ಪರಂಪರೆಯ ಫಲ. ಅಚ್ಚುಮೊಳೆಯೊಂದನ್ನು ಬಿಟ್ಟರೆ ವಿದ್ವತ್ ಪ್ರಕಾಶನ ಸಂಸ್ಥೆಗೆ ಬೇಕಾದ ಎಲ್ಲ ಅಂಗಗಳೂ ಇಲ್ಲಿದ್ದವು: ಸಂಪಾದಕರು, ಲಿಪಿಕಾರರು, ಖರ್ಚನ್ನು ವಹಿಸುವ ಮಠ, ಪ್ರತಿಗಳು ಹೋಗಿ ಸೇರುವ ಶಾಖೆಗಳು. ಮನೆತನ ರಕ್ತದಿಂದ ಬೆಳೆಯದೆ ದೀಕ್ಷೆಯಿಂದ ಬೆಳೆಯಿತು, ಅಷ್ಟೇ. ಹದಿನೈದು ಹದಿನಾರನೆಯ ಶತಮಾನದ ಈ ಸಂಕಲನ ಕಾರ್ಯವನ್ನು ಕೇವಲ ಧಾರ್ಮಿಕ ಪುನರುಜ್ಜೀವನವೆಂದು ಬಣ್ಣಿಸುವ ಸಾಹಿತ್ಯ ಚರಿತ್ರೆಗಳು ಅದರ ಪ್ರಕಾಶನ ಸ್ವರೂಪವನ್ನು ಕಡೆಗಣಿಸಿವೆ.

ಅದೇ ಸೀಮೆಯ ಮತ್ತೊಂದು ಪರಂಪರೆ ನೀಲಗಾರರದು ಮತ್ತು ದೇವರಗುಡ್ಡರದು. ತಂಬೂರಿ, ಡಕ್ಕೆ, ಗಗ್ಗರಗಳೊಡನೆ ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆಯನ್ನೂ, ಕಂಸಾಳೆಯೊಡನೆ ಮಾದೇಶ್ವರನ ಕಥೆಯನ್ನೂ ಇವರು ರಾತ್ರಿಗಟ್ಟಲೆ ಹಾಡುತ್ತಾರೆ. ಇಲ್ಲಿಯೂ ದೀಕ್ಷೆಯಿದೆ, ಗುರುಮನೆಯಿದೆ, ಚಿಕ್ಕಲ್ಲೂರು, ಕಪ್ಪಡಿಗಳ ಜಾತ್ರೆಗಳೆಂಬ ಕೂಡುತಾಣಗಳಿವೆ. ಓಲೆಗರಿಯಿಲ್ಲ. ಮಂಟೇಸ್ವಾಮಿ ಕಲ್ಯಾಣಕ್ಕೆ ಹೋಗಿ ಶರಣರನ್ನು ಪರೀಕ್ಷಿಸುವ ಭಾಗವನ್ನು ಶೂನ್ಯಸಂಪಾದನೆಯ ಪಕ್ಕದಲ್ಲಿಟ್ಟು ನೋಡಿದರೆ, ಒಂದೇ ಸೀಮೆಯಲ್ಲಿ ಕಲ್ಯಾಣದ ನೆನಪನ್ನು ಎರಡು ಬಗೆಯ ‘ಮನೆ’ಗಳು ಕಾಪಾಡಿಕೊಂಡು ಬಂದುದು ಕಾಣುತ್ತದೆ; ಒಂದು ಶರಣರ ಸಂವಾದವನ್ನು ಜೋಡಿಸಿ ನಿಲ್ಲಿಸಿತು, ಇನ್ನೊಂದು ಆ ಶರಣರನ್ನೇ ಹೊಸ್ತಿಲ ಹೊರಗಿನಿಂದ ಪ್ರಶ್ನಿಸಿತು. ಮಾದೇಶ್ವರನ ಕಥೆಯಲ್ಲೂ ಸುತ್ತೂರು, ಕುಂತೂರು ಮಠಗಳು ಇದೇ ಪ್ರಶ್ನೆಯ ಕಣಗಳಾಗುತ್ತವೆ.

ಅಚ್ಚಿನ ಯುಗ ಈ ಎರಡನ್ನೂ ನಡೆಸಿಕೊಂಡ ರೀತಿ ಬೇರೆ ಬೇರೆ. ಬಿ.ಎಲ್. ರೈಸರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ನಾಲ್ಕನೆಯ ಸಂಪುಟ 1898ರಲ್ಲಿ ಬಂದಿತು, ಚಾಮರಾಜನಗರ ತಾಲ್ಲೂಕಿನ ಶಾಸನಗಳೊಡನೆ ಹರದನಹಳ್ಳಿಯ ಕಲ್ಲುಗಳೂ ಅದರಲ್ಲಿ ಓದಿಗೆ ದೊರೆತವು. ಮೋಗ್ಲಿಂಗರ ಮಾಲೆಯ ಹೆಸರನ್ನೇ ಹೊತ್ತ ರೈಸರ ಕಾವ್ಯಮಾಲೆಯಲ್ಲಿ ಪಂಪಭಾರತ, ಕವಿರಾಜಮಾರ್ಗಗಳೂ ಅದೇ ವರ್ಷ ಅಚ್ಚಾದವು. ಪೋಷಕನ ಸ್ಥಾನದಲ್ಲಿ ಈಗ ಮೈಸೂರು ಸರ್ಕಾರವಿತ್ತು. ಪಠ್ಯದ ಕಲ್ಪನೆ ಮಾತ್ರ ಬದಲಾಗಲಿಲ್ಲ. ಊರ ದೇವಾಲಯದ ಕಲ್ಲಿನ ಮಾತು 1898ರಲ್ಲೇ ಅಚ್ಚಾದರೆ, ಆ ಸೀಮೆಯ ಹಾಡುಗಾರನ ಮಾತು ಗ್ರಂಥರೂಪದಲ್ಲಿ ಬರಲು 1973ರವರೆಗೆ ಕಾಯಬೇಕಾಯಿತು. ಆ ವರ್ಷ ಪಿ.ಕೆ. ರಾಜಶೇಖರ ಅವರ ‘ಮಲೆಯ ಮಾದೇಶ್ವರ’ ಬಂದಿತು. ಬಿಬ್ಲಿಯೋಥಿಕಾ ಕರ್ನಾಟಿಕಾ ಆರಂಭವಾದ 125 ವರ್ಷಗಳ ನಂತರ.

ಈ ವಿಳಂಬವನ್ನು ಮೈಸೂರು ವಿಶ್ವವಿದ್ಯಾಲಯ ಕೊನೆಗೊಳಿಸಿತೆನ್ನಬಹುದು. 1966ರಲ್ಲಿ ಆರಂಭವಾದ ಕನ್ನಡ ಅಧ್ಯಯನ ಸಂಸ್ಥೆ, ಎರಡು ವರ್ಷಗಳ ನಂತರ ತೆರೆದ ಜಾನಪದ ವಸ್ತುಸಂಗ್ರಹಾಲಯ, ದೇ. ಜವರೇಗೌಡರ ಬೆಂಬಲ, ಜೀ.ಶಂ. ಪರಮಶಿವಯ್ಯನವರ ಕ್ಷೇತ್ರಕಾರ್ಯ ಇವು ದಕ್ಷಿಣ ಕರ್ನಾಟಕದ ವೃತ್ತಿಗಾಯಕರನ್ನು ವಿದ್ವತ್ತಿನ ಒಳಗೆ ತಂದವು. ನಂತರ ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಹಿ.ಚಿ. ಬೋರಲಿಂಗಯ್ಯನವರ ಸಂಪಾದಕತ್ವದಲ್ಲಿ ಮಂಟೇಸ್ವಾಮಿ ಕಾವ್ಯವನ್ನೂ, ಕೆ. ಕೇಶವನ್ ಪ್ರಸಾದ್ ಅವರ ಸಂಪಾದಕತ್ವದಲ್ಲಿ ಮಲೆಮಾದೇಶ್ವರ ಕಾವ್ಯವನ್ನೂ ಬೃಹತ್ ಸಂಪುಟಗಳಾಗಿ ಪ್ರಕಟಿಸಿತು. ಎರಡನೆಯದನ್ನು ಹಾಡಿದವರು ಹೆಬ್ಬಣಿ ಮಾದಯ್ಯ ಮತ್ತು ತಂಡದವರು. ‘ಹಾಡುಗಾರ’ ಎಂಬ ಮಾತು 1860ರ ಲೈಪ್‌ಜಿಗ್ ಪತ್ರಿಕೆಯಲ್ಲಿ ತಪ್ಪಿಸಿಕೊಂಡಿದ್ದ ವ್ಯಕ್ತಿ ಇಲ್ಲಿ ಹೆಸರಿನೊಡನೆ ಕಾಣಿಸಿಕೊಂಡ. 2001ರಲ್ಲಿ ಸಾಹಿತ್ಯ ಅಕಾಡೆಮಿ ಅದರ ಇಂಗ್ಲಿಷ್ ಅನುವಾದವನ್ನು ಹೊರತಂದಿತು.

ಇವೆಲ್ಲ ಸಾರ್ವಜನಿಕ ಸಂಸ್ಥೆಗಳು. ಮೌಖಿಕ ಮಹಾಕಾವ್ಯದ ಸಾವಿರ ಪುಟಗಳ ಭಾರವನ್ನು ಕನ್ನಡದ ಯಾವ ಖಾಸಗಿ ಪ್ರಕಾಶನ ಮನೆಯೂ ತಲೆಮಾರುಗಟ್ಟಲೆ ಹೊರುವ ಸ್ಥಿತಿಯಲ್ಲಿರಲಿಲ್ಲ. ವಿಶ್ವಕೋಶದಂಥ ಹಾಲು ಕರೆಯುವ ಹಸು ಅವುಗಳ ಕೊಟ್ಟಿಗೆಯಲ್ಲಿ ಇರಲಿಲ್ಲ. ಸಾರ್ವಜನಿಕ ಹಣ ಅದನ್ನು ಹೊತ್ತಿತು ಎಂಬುದು ಹೆಮ್ಮೆಯ ವಿಷಯವೇ. ಆದರೆ ಅನುದಾನದಿಂದ ಹುಟ್ಟಿದ ಗ್ರಂಥಕ್ಕೆ ಮರುಮುದ್ರಣವೆಂಬ ಎರಡನೆಯ ಜನ್ಮ ದುರ್ಲಭ. ಸಂಪುಟ ಬಿಡುಗಡೆಯಾಗುತ್ತದೆ, ಒಂದಿಷ್ಟು ಪ್ರತಿಗಳು ಗ್ರಂಥಾಲಯಗಳಿಗೆ ಹೋಗುತ್ತವೆ, ಉಳಿದವು ಉಗ್ರಾಣದಲ್ಲಿ ಹುಳು ಕಾಯುತ್ತವೆ, ಮುಂದಿನ ಅಧ್ಯಕ್ಷರಿಗೆ ಬೇರೆ ಯೋಜನೆಗಳಿರುತ್ತವೆ. ಶೋಪೆನ್‌ಹೋವರನಿಗೆ ಇಪ್ಪತ್ತೈದು ವರ್ಷಗಳ ನಂತರ ಎರಡನೆಯ ಅವಕಾಶ ಕೊಟ್ಟ ಮನೆಯ ನೆನಪು ಸರ್ಕಾರಿ ಕಡತಕ್ಕೆ ಇರುವುದಿಲ್ಲ.

ಹಾಗೆಂದು ಮನೆತನದ ಪ್ರಕಾಶನವನ್ನು ಆದರ್ಶವೆಂದು ಎತ್ತಿಹಿಡಿಯುವಂತೆಯೂ ಇಲ್ಲ. 1943ರ ಡಿಸೆಂಬರ್ 4ರ ಬಾಂಬು ದಾಳಿಯಲ್ಲಿ ಲೈಪ್‌ಜಿಗ್‌ನ ಬ್ರಾಕ್‌ಹೌಸ್ ಕಟ್ಟಡಗಳು ನಾಶವಾದವು. ಯುದ್ಧದ ಬಳಿಕ ಮನೆಯವರು ವೀಸ್‌ಬಾಡೆನ್‌ಗೆ ಹೋದರು. ಲೈಪ್‌ಜಿಗ್‌ನಲ್ಲಿ ಉಳಿದ ಭಾಗವನ್ನು ಪೂರ್ವ ಜರ್ಮನಿ 1953ರಲ್ಲಿ ರಾಷ್ಟ್ರೀಕರಿಸಿತು. 1984ರಲ್ಲಿ ಸಂಸ್ಥೆ ಬೇರೊಂದು ಪ್ರಕಾಶನದೊಡನೆ ವಿಲೀನವಾಯಿತು. 2005–06ರ ಇಪ್ಪತ್ತೊಂದನೆಯ ಆವೃತ್ತಿಯೇ ಆ ವಿಶ್ವಕೋಶದ ಕೊನೆಯ ಮುದ್ರಿತ ಆವೃತ್ತಿ. 1800 ಟಾಲರಿಗೆ ಕೊಂಡ ಹಕ್ಕು ಇನ್ನೂರು ವರ್ಷ ಬಾಳಿತು.

ಚಿಕ್ಕಲ್ಲೂರು ಜಾತ್ರೆಗೆ ಪ್ರತಿವರ್ಷ ಜನವರಿಯ ಹುಣ್ಣಿಮೆಯ ಹೊತ್ತಿಗೆ ನೀಲಗಾರರು ಬಂದು ಸೇರುತ್ತಾರೆ. ಅವರಲ್ಲಿ ಕೆಲವರು ಅಚ್ಚಾದ ಸಂಪುಟವನ್ನು ಕಂಡಿದ್ದಾರೆ. ಅಚ್ಚಿನ ಪಾಠ ಹಾಡಿನ ಪಾಠವನ್ನು ತಿದ್ದತೊಡಗಿದೆಯೇ, ಗ್ರಂಥದ ಅನುಕ್ರಮ ರಾತ್ರಿಯ ಹಾಡುಗಾರಿಕೆಯ ಅನುಕ್ರಮವನ್ನು ಬದಲಾಯಿಸುತ್ತಿದೆಯೇ ಎಂಬುದನ್ನು ಅಲ್ಲಿಯೇ, ತಂಡದಿಂದ ತಂಡಕ್ಕೆ ಕುಳಿತು ಪರಿಶೀಲಿಸಬೇಕಾಗಿದೆ. 1973ರ ಪಾಠ, 1997ರ ಪಾಠ, ಇಂದಿನ ಹಾಡು ಮೂರನ್ನೂ ಎದುರುಬದುರು ಇಟ್ಟು ನೋಡುವ ಆ ಕೆಲಸಕ್ಕೆ ಮೊದಲ ಎರಡು ಸಂಪುಟಗಳು ಓದುಗನ ಕೈಗೆ ಸಿಗುವಂತಿರಬೇಕು.